ನಮ್ಮ ಹಿತ್ತಲಿನ ಹುತ್ತ

ಕುಮಟಾ, ೯ ಜೂನ್ ೧೯೭೮, ಶುಕ್ರವಾರ

ಲ್ಯಾಬಿನಲ್ಲಿ ನನ್ನ ಕೈಕೆಳಗಿನ ಮೊಗೇರ ಇವತ್ತು ತೋರಿಸಿದ ಸ್ಲೈಡು ಕಣ್ಣಿಂದ ಹೋಗುತ್ತಿಲ್ಲ. ರೆಕ್ಕೆ ಬಂದ ಗಂಡು ಗೆದ್ದಲಿನ ವೃಷಣ, ಅದರ ತುಂಬ ವೀರ್ಯಾಣು. ನನ್ನ ಹತ್ತಿರ ಇರುವುದೆಲ್ಲ ಕೆಲಸದ ಗೆದ್ದಲು. ಅವುಗಳ ವೃಷಣ ಎಳೆಯದರಲ್ಲೇ ಬೆಳವಣಿಗೆ ನಿಂತು ಕಂಡೂ ಕಾಣದಷ್ಟು ಉಳಿದಿದೆ. ಒಂದೇ ಹುತ್ತ, ಒಂದೇ ತಾಯಿ, ಒಬ್ಬನಿಗೆ ಉಂಟು, ಇನ್ನೊಬ್ಬನಿಗೆ ಇಲ್ಲ.

"ಎಲ್ಲಿ ಸಿಕ್ತು ಮಾರಾಯ?" ಅಂದೆ.

"ನಿಮ್ಮ ಹಿತ್ತಲಲ್ಲೇ ಸರ್. ಮೊನ್ನೆ ನೀವು ಹೊನ್ನಾವರಕ್ಕೆ ಹೋದಾಗ ಅಕ್ಕನ ಹತ್ರ ಕೇಳಿ ಅಗೆದೆ."

ಅದೇ ಉಸಿರಿಗೆ, ತನ್ನ ಹೆಂಡತಿ ಮತ್ತೆ ಬಸುರಿ, ನಾಲ್ಕು ತಿಂಗಳು ಎಂದೂ ಹೇಳಿದ. ನಾನು ನಕ್ಕೆ. ದವಡೆ ನೋಯುವಷ್ಟು ನಕ್ಕೆ.

ಮಗು ಬೇಕೆಂದು ನನ್ನ ಹೆಂಡತಿ, ಅವನು ಅಕ್ಕ ಅನ್ನುವ ನಾಗವೇಣಿ, ಪಂಚಮಿಗೆ ಪಂಚಮಿಗೆ ಹಾಲೆರೆಯುವ ಹುತ್ತ ಅದು. ಅವಳ ಮನಸ್ಸು ನೋಯಬಾರದೆಂದು ನಾನು ಅದರ ಹತ್ತಿರವೂ ಸುಳಿಯದೆ, ರೆಕ್ಕೆಯ ಗಂಡು ಹುಡುಕಿಕೊಂಡು ಗೇರುಸೊಪ್ಪದ ಕಾಡೆಲ್ಲ ಅಲೆದೆ. ಮೊಗೇರ ಬಂದು ಒಂದು ಮಾತು ಕೇಳಿದ, ಇವಳು ಕೊಟ್ಟೇಬಿಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, ಅವನಿಗೆ ಎಂತಕ್ಕೆ ಅಗೆಯಲು ಬಿಟ್ಟೆ ಅಂತ. ಗಂಜಿ ಬಡಿಸುತ್ತಲೇ ಹೇಳಿದಳು: "ಹಾಲೆರೆದದ್ದು ಸಾಕಾತು. ಮಂಗಳೂರಿನ ಡಾಕ್ಟರಿಗೆ ತೋರ್ಸಿ ಬಂದವಳು ನಾ ಒಬ್ಬಳೇ. ನೀವು ಊರ ಗೆದ್ದಲಿನದ್ದೆಲ್ಲ ನೋಡ್ತೀರಿ, ನಿಮ್ದೊಂದು ಬಿಟ್ಟು."

ಗಂಜಿ ಹಾಗೇ ಆರಿತು.

ಮೊಗೇರನಿಗೆ ಮೈಕ್ರೋಸ್ಕೋಪಿನ ಮುಂದೆ ಕೂರಲು ಏನೂ ಹೆದರಿಕೆಯಿಲ್ಲ. ಅವನ ಸ್ಲೈಡಿಗಿಂತ ಅದೇ ನನ್ನನ್ನು ಹೆಚ್ಚು ಉರಿಸುತ್ತದೆ.

ಲ್ಯಾಬಿನ ಕೀಲಿ ನನ್ನ ಹತ್ತಿರವೇ ಇದೆ. ನಾಳೆ ಬೆಳಿಗ್ಗೆ, ಯಾರೂ ಬರುವ ಮೊದಲು, ನನ್ನದೊಂದು, ಒಂದೇ ಒಂದು ಸ್ಲೈಡು