ಭುಜದ ಮೇಲೆ ಎರಡು ತಟ್ಟು

ಮಾರ್ಚ್ ೧೪, ಗುರುವಾರ.

ಇಂದಿನ ತಾಲೀಮಿನಲ್ಲಿ ಬಡಗಿಯ ಭುಜವನ್ನು ಗಿಡ್ಡ ಎರಡು ಸಲ ತಟ್ಟಿದ. ಬಡಗಿ ತಕ್ಷಣ ಕತ್ತಿನ ಹಿಡಿತ ಬಿಟ್ಟ. ಇಬ್ಬರೂ ಈ ಜೈಲಿನಲ್ಲಿ ನನ್ನಿಂದಲೇ ಕುಸ್ತಿ ಕಲಿತ ಕೈದಿಗಳು. ನಾಳೆ ಸಂಜೆ ಟಿವಿಯಲ್ಲಿ ಅವರಿಬ್ಬರ ಕಾಳಗ, ಒಬ್ಬನ ಉಸಿರು ನಿಲ್ಲುವವರೆಗೆ.

ಕ್ಯಾಮೆರಾ ಹಿಂದಿನಿಂದ ನಿರ್ದೇಶಕ ಕಿರುಚಿದ: "ಏನ್ ಮೇಷ್ಟ್ರೇ, ಇವರೇನು ನೆಂಟರ ಮನೆ ಬಾಗಿಲು ತಟ್ತಿದ್ದಾರಾ? ಈ ಚಾಳಿ ಇವತ್ತೇ ಬಿಡಿಸಿ."

ಅದು ಚಾಳಿಯಲ್ಲ, ನನ್ನ ಮೊದಲ ಪಾಠ. ನಾನೂ ಕೈದಿಯಾಗುವ ಮುನ್ನ, ಶಾಲೆಯ ಹಿಂದಿನ ತಗಡಿನ ಕೊಠಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆ. ಹರಿದ ಚಾಪೆ, ಬೆವರಿನ ವಾಸನೆ, ಹಾಲುಹಲ್ಲು ಬಿದ್ದ ಬಾಯಿಗಳು. ಎರಡು ಸಲ ತಟ್ಟಿದರೆ ಬಿಡಬೇಕು. ಬಿಟ್ಟವನೇ ಕೈ ಹಿಡಿದು ಎಬ್ಬಿಸಬೇಕು. ಎಷ್ಟು ನಗುತ್ತಿದ್ದವು ಆ ಮಕ್ಕಳು! ಬೇರೆ ಬಗೆಯಲ್ಲಿ ಕಲಿಸಲು ನನಗೆ ಇಲ್ಲಿಯೂ ಬರಲಿಲ್ಲ.

ಆ ಚಾಳಿ ಬಿಡಿಸಲೆಂದು ನನಗೆ ಒಂದು ಗಂಟೆ ಕೊಟ್ಟರು. ಬಾಗಿಲು ಹಾಕಿಕೊಂಡು ಆ ಗಂಟೆಯುದ್ದಕ್ಕೂ ತಟ್ಟುವುದನ್ನೇ ಅಭ್ಯಾಸ ಮಾಡಿಸಿದೆ.

"ಅಣ್ಣ, ನಾಳೇನೂ ಬಿಡ್ತೀಯಾ?" ಎಂದ ಗಿಡ್ಡ.

"ಕೈ ತಾನಾಗೇ ಬಿಡುತ್ತೆ ಕಣೋ. ನಿನ್ನ ಬಾಯಿ ವಾಸನೆಗೇ ಅರ್ಧ ಬಿಟ್ಟಿರುತ್ತೆ," ಎಂದು ಬಡಗಿ ಅವನನ್ನು ಕೈ ಹಿಡಿದು ಎಬ್ಬಿಸಿದ. ತಗಡಿನ ಕೊಠಡಿಯ ಮಕ್ಕಳಂತೆಯೇ ಇಬ್ಬರೂ ನಕ್ಕರು.

ಯಾರೂ ಕೊಲ್ಲದಿದ್ದರೆ ಏನೆಂದು ಕಾಳಗದ ನಿಯಮಗಳ ಪುಸ್ತಕವನ್ನೆಲ್ಲ ಹುಡುಕಿದೆ, ಬರೆದೇ ಇಲ್ಲ. ಅಂಥದ್ದೂ ಆದೀತೆಂದು ಅವರಿಗೆ ತೋಚಿಲ್ಲ. ನನಗೆ ಅಷ್ಟು ಜಾಗ ಸಾಕು.

ಆದರೆ ಗಿಡ್ಡನ ತೋಳು ಚಿಕ್ಕದು, ಇವತ್ತೂ ಭುಜ ಕಷ್ಟಪಟ್ಟೇ ಎಟುಕಿತು. ಭುಜ ಅವನಿಗೆ ಎಟುಕುವಷ್ಟು ಬಾಗಿರೆಂದು ಬಡಗಿಗೆ ಹೇಳಲು ಮರೆತೆ. ಬೆಳಿಗ್ಗೆ ಎದ್ದಕೂಡಲೇ ಮೊದಲು ಅದನ್ನೇ ಹೇಳಬೇಕು.