ನಿನ್ನ ಮನೆಗೆ ಬರಬೇಕಿದ್ದ ಕಾಗದ

ದೇಜೊನ್
ನವೆಂಬರ್ ೧೪, ಗುರುವಾರ

ಪ್ರೀತಿಯ ಹೇರಿನ್‌ಗೆ, ಅಮ್ಮ ಬರೆಯುತ್ತಿರುವುದು.

ದಿನಾ ಕಣ್ಣೆದುರು ಸಿಗುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಬೊಮಿ ಚೆನ್ನಾಗಿದ್ದಾಳೆ. ನಿನ್ನ ಮಗಳಿಗೆ ಏನೂ ಆಗಿಲ್ಲ. ಎದುರಿಗೆ ಹೇಳೋಣವೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಮೂಲಂಗಿಯ ಬೆಲೆಯ ಮಾತಾಡಿ ನಿನ್ನನ್ನು ಕಳಿಸಿದೆ.

ನಿನ್ನ ತಮ್ಮ ತೇಗ್ಯು ನನ್ನ ಮನೆಯಲ್ಲಿದ್ದಾನೆ. ಚುಸೊಕ್ ಹಬ್ಬ ಮುಗಿದ ವಾರ ಬಂದ. ಜೈಲಿನಿಂದ ಬಿಟ್ಟ ಮೇಲೆ ಬುಸಾನ್‌ನಲ್ಲಿದ್ದನಲ್ಲ, ಅಲ್ಲಿ ಬೀದಿಯವರಿಗೆಲ್ಲ ಗೊತ್ತಾಗಿ ಮನೆ ಖಾಲಿ ಮಾಡಿಸಿದರಂತೆ. ಟ್ಯೂಷನ್ ಮಕ್ಕಳ ವ್ಯಾನ್ ಓಡಿಸುತ್ತಾ ಆ ಮಗುವಿಗೆ ಅವನು ಮಾಡಿದ್ದನ್ನು ನಾನು ಮರೆತಿಲ್ಲ. ಅವನ ಮುಖ ನೋಡುವುದಿಲ್ಲ ಎಂದು ನೀನು ಹೇಳಿದ್ದನ್ನೂ ಮರೆತಿಲ್ಲ. ಆದರೂ ಬಾಗಿಲು ತೆರೆದೆ. ಹೆತ್ತ ಕರುಳು ಎಂಬ ನೆಪ ಬೇಡ. ತೆರೆದೆ, ಅಷ್ಟೇ.

ಹೊಸ ವಿಳಾಸವನ್ನು ಪೊಲೀಸರಿಗೆ ತಿಳಿಸಲು ಕಾನೂನು ಇಪ್ಪತ್ತು ದಿನ ಕೊಡುತ್ತದೆ. ಹತ್ತೊಂಬತ್ತನೇ ದಿನ ನಾನೇ ಕರೆದುಕೊಂಡು ಹೋದೆ. ವಿಳಾಸ, ಎತ್ತರ, ತೂಕ ಬರೆದುಕೊಂಡರು. ಎದುರಿನಿಂದ, ಎಡದಿಂದ, ಬಲದಿಂದ ಫೋಟೋ ತೆಗೆದರು. ಅವನ ಕಾಲರ್ ಮಡಚಿಕೊಂಡಿತ್ತು, ಸರಿ ಮಾಡಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಅಲ್ಲಿದ್ದ ಪೊಲೀಸ್ ಹುಡುಗಿ ಬೇರೆ ಕಡೆ ನೋಡಿದಳು. ನಾಚಿಕೆಯಿಂದ ಸತ್ತೇಹೋದೆ.

ದಿನಾ ಶಾಲೆ ಬಿಟ್ಟು ಬೊಮಿ ಬರುವ ಮುಂಚೆ ಅವನನ್ನು ಹೊರಗೆ ಅಟ್ಟುತ್ತಿದ್ದೆ. ಆರು ಗಂಟೆಗೆ ನೀನು ಬಂದು ಅವಳನ್ನು ಕರೆದೊಯ್ದ ಮೇಲೆಯೇ ಅವನು ಒಳಗೆ ಬರಬೇಕು. ಒಂದು ದಿನವೂ ಅವನು ಅವಳ ಕಣ್ಣಿಗೆ ಬಿದ್ದಿಲ್ಲ.

ಅಕ್ಕನಿಗೆ ಹೇಳಬೇಕು ಕಣೋ ಎಂದರೆ ಅವನು ತಲೆ ಎತ್ತದೆ, "ನೀನ್ಯಾಕಮ್ಮ ಹೇಳ್ಬೇಕು? ಈ ಏರಿಯಾದಲ್ಲಿ ಮಕ್ಕಳಿರೋ ಮನೆಗೆಲ್ಲ ಸರ್ಕಾರದ ಕಾಗದ ಹೋಗುತ್ತೆ. ಅಕ್ಕಂಗೂ ಬರುತ್ತೆ" ಎಂದ. ಹೇಡಿ ನಾನು, ಅದೇ ವಾಸಿ ಎಂದುಕೊಂಡು ಕಾಯುತ್ತಾ ಕೂತೆ. ಕೆಳಗಿನ ಮನೆಯವಳಿಗೆ ಬಂತೆಂದು ಕಾಣುತ್ತದೆ, ಮಾತು ಬಿಟ್ಟಳು. ನೀನು ಮಾತ್ರ ಎಂದಿನಂತೆ ನಗುತ್ತಾ ಬಂದು ಹೋಗುತ್ತಿದ್ದೆ.

ಮೊನ್ನೆ ಅಂಚೆಯವನು ಸಹಿ ಹಾಕಿಸಿಕೊಂಡು ಆ ಸರ್ಕಾರದ ಕಾಗದವನ್ನು ನನ್ನ ಕೈಗೇ ಕೊಟ್ಟ. ಒಳಗೆ ತೇಗ್ಯುವಿನ ಫೋಟೋ. ನಿಮ್ಮ ಮನೆಯ ಮಗುವಿನ ಹತ್ತಿರ ಇಂಥವನು ವಾಸವಾಗಿದ್ದಾನೆ ಎಂಬ ಸೂಚನೆ. ವಿಳಾಸ ನಮ್ಮದೇ ಮನೆಯದು. ಆಗ ನೆನಪಾಯಿತು. ರಸ್ತೆಯ ಈಚೆಯ ಒಳ್ಳೆ ಶಾಲೆ ಸಿಗಲೆಂದು ಹೋದ ವರ್ಷ ನಾವಿಬ್ಬರೂ ಸೇರಿ ಬೊಮಿಯ ಹೆಸರನ್ನು ನನ್ನ ವಿಳಾಸಕ್ಕೆ ಬರೆಸಿದ್ದೆವಲ್ಲ. ಸರ್ಕಾರದ ದಾಖಲೆ ಪ್ರಕಾರ ಬೊಮಿ ಇರುವುದು ನನ್ನ ಮನೆಯಲ್ಲಿ, ನಿನ್ನ ಮನೆಯಲ್ಲಿ ಮಗುವೇ ಇಲ್ಲ. ಆ ಕಾಗದ ನಿನಗೆ ಯಾವತ್ತೂ ಬರುವುದಿಲ್ಲ.

ಸುಟ್ಟುಬಿಟ್ಟಿದ್ದರೆ ಮುಗಿಯುತ್ತಿತ್ತು. ಗ್ಯಾಸ್ ಹಚ್ಚಿಕೊಂಡು ಒಲೆ ಮುಂದೆ ನಿಂತೂ ಇದ್ದೆ. ಬೇರೆಯವರಿಗೆ ತೋರಿಸಿದರೆ ಶಿಕ್ಷೆ ಎಂದು ಅದರಲ್ಲೇ ಅಚ್ಚಾಗಿದೆ. ನೀನು ಬೇರೆಯವಳಲ್ಲ. ಇದರ ಜೊತೆಗೇ ಇಟ್ಟಿದ್ದೇನೆ, ಈಗಲೇ ನಡೆದು ಬಂದು ನಿನ್ನ ಪೆಟ್ಟಿಗೆಗೆ ಹಾಕುತ್ತೇನೆ.

ನಾಳೆಯಿಂದ ಬೊಮಿಯನ್ನು ಕಳಿಸಬೇಡ. ಅವಳ ಹೆಸರನ್ನೂ ಇಲ್ಲಿಂದ ತೆಗೆಸು, ಶಾಲೆ ಹೋದರೆ ಹೋಗಲಿ. ಅವನನ್ನು ಹೊರಹಾಕಲು ನನ್ನಿಂದ ಆಗುತ್ತಿಲ್ಲ. ಅವಳಿಲ್ಲದ ಮಧ್ಯಾಹ್ನಗಳನ್ನು ಹೇಗೆ ಕಳೆಯುತ್ತೇನೋ ಗೊತ್ತಿಲ್ಲ. ಕ್ಷಮಿಸು ಎಂದು ಕೇಳುವ ಮುಖವೂ ಉಳಿದಿಲ್ಲ.

ತಲೆ ತಗ್ಗಿಸಿ ಕೂತಿರುವ
ನಿನ್ನ ಅಮ್ಮ,
ಒಕ್ಬುನ್

ತಾ.ಕ.: ಒಂದು ಮಾತು ಬಿಟ್ಟಿದ್ದೆ, ಮರೆತಲ್ಲ. ಹೋದ ವಾರ ಬೊಮಿ ಕಪಾಟಿನಲ್ಲಿ ದೊಡ್ಡ ಶೂ ನೋಡಿ ಯಾರದೆಂದು ಕೇಳಿದಳು. ಸುಲಿದ ಪರ್ಸಿಮನ್ ಹಣ್ಣನ್ನು ಕೈಗಿಟ್ಟು, "ಅಮ್ಮಂಗೆ ಹೇಳ್ಬೇಡ ಪುಟ್ಟಿ, ಇದು ನಮ್ಮಿಬ್ಬರ ಗುಟ್ಟು" ಎಂದೆ. ಅವಳು ಕಿರುಬೆರಳಿಗೆ ಕಿರುಬೆರಳು ಸೇರಿಸಿ ಮಾತು ಕೊಟ್ಟಳು. ಕೋರ್ಟಿನಲ್ಲಿ ಆ ಮಗುವಿನ ಹೇಳಿಕೆ ಓದಿದ ದಿನ ನೀನೂ ಇದ್ದೆಯಲ್ಲ. ತೇಗ್ಯು ಆ ಮಗುವಿಗೆ ಹೇಳಿದ್ದೂ ಇದೇ ಮಾತು. ಅಜ್ಜಿ ಹೇಳಿಕೊಟ್ಟಿದ್ದು ತಪ್ಪು, ಅಮ್ಮನಿಗೆ ಎಲ್ಲವನ್ನೂ ಹೇಳಬೇಕು ಎಂದು ಬೊಮಿಗೆ ಇವತ್ತೇ ಹೇಳು.