ಕಂಬ ಹತ್ತುವವರು ಯಾರು?

ಇಂಟರ್‌ನೆಟ್ ಕಂಪನಿಯ ಗ್ರಾಹಕ ಸೇವಾ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಸಂಪರ್ಕ ಕೈಕೊಟ್ಟದ್ದರಿಂದ ನನ್ನ ತಂಗಿ ಕಣ್ಣಿನ ಶಸ್ತ್ರಚಿಕಿತ್ಸೆ ಬೇಡವೆಂದು ಆಸ್ಪತ್ರೆಯಿಂದ ಎದ್ದು ಹೋಗಿದ್ದಾಳೆ. ಸುತ್ತಿ ಬಳಸಿ ಹೇಳುವ ತಾಳ್ಮೆ ನನ್ನಲ್ಲಿಲ್ಲ. ಇದ್ದದ್ದೆಲ್ಲ ನಿಮ್ಮ ಸಹಾಯವಾಣಿಯ ಸಂಗೀತ ಕೇಳುತ್ತಲೇ ಖರ್ಚಾಯಿತು.

ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಶಾಲೆಗೆ ಹೋದವಳಲ್ಲ, ಓದಲು ಬಾರದು. ಚಿಕ್ಕಂದಿನಲ್ಲಿ ಅಡುಗೆಮನೆಯ ನೆಲದ ಮೇಲೆ ಕೂತು ನಾವಿಬ್ಬರೂ ಕಟ್ಟಿಕೊಂಡ ಕೈಮಾತೇ ಅವಳ ಮಾತು. ಸಂಜ್ಞಾ ಭಾಷೆ ಕಲಿತವರಿಗೂ ಅದು ತಿಳಿಯದು. ಮೂಗು ಚಿವುಟಿಕೊಂಡರೆ ಡಾಕ್ಟರು ಎಂದು ಯಾರಿಗೆ ಹೊಳೆದೀತು? ಅವಳ ಗಂಡನಿಗೆ ಊಟ, ನಿದ್ದೆ, ಸಿಟ್ಟಿನಷ್ಟು ಬರುತ್ತದೆ, ಆಪರೇಷನ್ನಿನಷ್ಟು ಬಾರದು. ಅವಳಿರುವುದು ದೂರದ ಊರಿನಲ್ಲಿ. ಸೊಂಟ ಮುರಿದು ಮಲಗಿರುವ ಅಮ್ಮನನ್ನು ಬಿಟ್ಟು ನಾನು ಹೊರಡುವಂತಿಲ್ಲ. ಹಾಗಾಗಿ ಡಾಕ್ಟರ ಮಾತನ್ನು ಅವಳಿಗೆ, ಅವಳ ಮಾತನ್ನು ಡಾಕ್ಟರಿಗೆ ವಿಡಿಯೊ ಕರೆಯಲ್ಲಿ ದಾಟಿಸುವವಳು ನಾನೇ.

ಅಂದು ಡಾಕ್ಟರು, ಕಣ್ಣಿನೊಳಗೆ ಒತ್ತಡ ಏರುತ್ತಿದೆ, ಬಿಟ್ಟರೆ ಹೋದ ನೋಟ ಮತ್ತೆ ಬಾರದು ಎಂದರು. ನಾನು ದಾಟಿಸಿದೆ. ತಂಗಿ ಕೈ ಎತ್ತಿ ಕೇಳಿದಳು: "ಅಕ್ಕಾ, ಹೆದರಿಕೆ ಆಗ್ತಿದೆ. ಬೇಡ ಅಂದುಬಿಡ್ಲಾ?" ಸರಿಯಾಗಿ ಆಗಲೇ ಅವಳ ಫೋನಿನಲ್ಲಿ ನನ್ನ ಚಿತ್ರ ನಿಂತುಹೋಯಿತು. ಕಿವಿಯಿರುವವರಾದರೆ ದನಿ ನಿಂತೊಡನೆ "ಹಲೋ, ಹಲೋ" ಎನ್ನುತ್ತಾರೆ. ಕೈಯಲ್ಲಿ ಮಾತಾಡುವವರು ಕೇಳಿಸಿಕೊಳ್ಳುವುದೇ ಹಾಗೆ, ಕೈ ಮಡಿಲಲ್ಲಿಟ್ಟು, ಅಲುಗಾಡದೆ, ಎದುರಿನವರನ್ನೇ ನೋಡುತ್ತ. ನನ್ನ ಚಿತ್ರ ಹಾಗೇ ಕೂತಿತ್ತು. ಇಲ್ಲಿ ನಾನು ಎರಡೂ ಕೈಯಲ್ಲಿ "ಬೇಡ ಅನ್ನಬೇಡ" ಎಂದು ಬಡಿದುಕೊಳ್ಳುತ್ತಿದ್ದೆ. ಅಕ್ಕ ಕೇಳಿಯೂ ಸುಮ್ಮನಿದ್ದಾಳೆ, ಅಂದರೆ ನಿನ್ನಿಷ್ಟ ಅನ್ನುತ್ತಿದ್ದಾಳೆ ಎಂದುಕೊಂಡಳು ಅವಳು. ಅವಳ ಚಿತ್ರ ಮಾತ್ರ ನನಗೆ ಸೊಗಸಾಗಿ ಬರುತ್ತಿತ್ತು. ಅವಳು ಎದ್ದು ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಈಗ ನಿಮ್ಮ ಸೇವೆಯ ವಿಷಯಕ್ಕೆ ಬರೋಣ. ಆ ದಿನಕ್ಕೂ ಮೊದಲೇ ಹಲವು ಬಾರಿ ದೂರು ಕೊಟ್ಟಿದ್ದೆ. ಮೋಡೆಮ್ ಆರಿಸಿ ಹೊತ್ತಿಸಿ ಎಂದಿರಿ, ಮಾಡಿದೆ. ವೈರು ಬದಲಿಸಿ ಎಂದಿರಿ, ಬದಲಿಸಿದೆ. ಕಪಾಟಿನಿಂದ ಇಳಿಸಿ, ಫ್ರಿಜ್‌ನಿಂದ ದೂರವಿಡಿ ಎಂದಿರಿ. "ಇನ್ನು ನನ್ನ ಮಂಚ ಒಂದು ಸರಿಸೋದು ಬಾಕಿ ನೋಡು," ಎಂದರು ಅಮ್ಮ. ಕೊನೆಗೆ ನಿಮ್ಮ ಮೆಕ್ಯಾನಿಕ್ ಬಂದು ಸಿನಿಮಾ ಹಾಕಿ ತೋರಿಸಿದ.

"ನೋಡಿ ಅಕ್ಕಾ, ಹೇಗೆ ಓಡ್ತಿದೆ!"

"ಸಿನಿಮಾ ಮನೆಗೆ ಬರೋದು ಕಣಪ್ಪಾ. ನನ್ನ ಕೈ ಮನೆಯಿಂದ ಹೋಗ್ಬೇಕು. ಹೋಗೋದನ್ನ ನೋಡು."

ನೋಡಿದ. ಗಾಳಿ ಬೀಸಿದಾಗಲೆಲ್ಲ ಹೋಗುವ ವೇಗ ಕುಸಿಯುತ್ತಿತ್ತು. ಕಿಟಕಿಯಾಚೆ ಬೀದಿ ಕಂಬದ ಮೇಲೆ ನಿಮ್ಮ ಡಬ್ಬಿ ಮುಚ್ಚಳವಿಲ್ಲದೆ ಬಾಯಿ ತೆರೆದುಕೊಂಡಿತ್ತು, ನಮ್ಮ ತಂತಿ ಜೋಲಾಡುತ್ತಿತ್ತು.

"ತೊಂದರೆ ಅಲ್ಲೇ ಇದೆ. ಆದ್ರೆ ನಾನು ಮನೆ ಒಳಗಿನ ಕೆಲಸದವನು, ಕಂಬ ಹತ್ತೋ ಹಾಗಿಲ್ಲ."

"ಹತ್ತೋರನ್ನ ಕಳ್ಸು."

"ಮನೆ ದೂರು ಮುಚ್ಚಿದ್ಮೇಲೇ ಕಂಬದ ದೂರು ತಗೋತಾರೆ ಅಕ್ಕಾ. ಆದ್ರೆ ಮನೆ ದೂರು ಮುಚ್ಚಿದ್ರೆ ಸಮಸ್ಯೆ ಬಗೆಹರೀತು ಅಂತ ಬರುತ್ತೆ. ಸಮಸ್ಯೆನೇ ಇಲ್ಲ ಅಂದ್ಮೇಲೆ ಕಂಬ ಯಾಕೆ ಹತ್ತಬೇಕು ಅಂತಾರೆ."

ಈ ನಿಯಮ ಹೆಣೆದ ಮಹಾನುಭಾವರು ಯಾರು, ಮಾನ್ಯರೇ? ಅವರ ಮನೆಯ ಮುಂದೆ ಕಂಬವೇ ಇಲ್ಲವೇ? ದೂರು ಮುಚ್ಚುವ ಚುರುಕಿನಲ್ಲಿ ಕಾಲು ಪಾಲನ್ನಾದರೂ ಆ ಡಬ್ಬಿ ಮುಚ್ಚಲು ತೋರಿಸಬಾರದಿತ್ತೇ?

ಆಸ್ಪತ್ರೆಯಿಂದ ಎದ್ದು ಹೋದ ಮರುದಿನ ತಂಗಿಗೆ ತಿಳಿಹೇಳಲು ನೋಡಿದೆ. ಅದು ನಾನಲ್ಲ, ನಿಂತುಹೋದ ಪಟ ಎಂದೆ. ಅವಳು ನಂಬಲಿಲ್ಲ. "ಪಟ ಅಂತೆ! ನೀನು ನನ್ನನ್ನೇ ನೋಡ್ತಿದ್ದೆ," ಎಂದು ಕೈ ಕೆಳಗಿಟ್ಟಳು. ನನಗೆ ಅಳು ಬಂತು. ಅಮ್ಮ ಮಲಗಿದಲ್ಲಿಂದಲೇ ಕೈ ಮುಗಿದು ಬೇಡಿಕೊಂಡ ಮೇಲೆ, ಇನ್ನೊಮ್ಮೆ ಡಾಕ್ಟರ ಎದುರು ಕೂರಲು ಒಪ್ಪಿದ್ದಾಳೆ. ಸೋಮವಾರ ಬೆಳಿಗ್ಗೆ.

ಅಷ್ಟರೊಳಗೆ ಏಣಿ ಇರುವ ಒಬ್ಬರನ್ನು ನಮ್ಮ ಬೀದಿಗೆ ಕಳಿಸಿ. ಕ್ಷಮಾಪಣೆಯ ಸಂದೇಶ ಬೇಡ, ರಿಯಾಯಿತಿ ಬೇಡ, ಕಂಬ ಹತ್ತಿಸಿ. ಈ ಸಲವೂ ನನ್ನ ಕೈ ನಿಂತರೆ ಅವಳು ಮತ್ತೆ ಕೇಳುವವಳಲ್ಲ. ಆಮೇಲೆ ನೀವು ಎಂಥ ವೇಗದ ಸಂಪರ್ಕ ಕೊಟ್ಟರೂ ನನಗೆ ಉಪಯೋಗವಿಲ್ಲ. ನೋಟ ಹೋದ ತಂಗಿಗೆ ನಾನು ಯಾವ ಕೈಯಿಂದ ಮಾತಾಡಲಿ?

ಇಂತಿ,
ನಿಮ್ಮ ಕಡತದ ಪ್ರಕಾರ ಯಾವ ತೊಂದರೆಯೂ ಇಲ್ಲದ ಗ್ರಾಹಕಿ